ನಾನು ಹೊಡೆದುಹಾಕಿದ ಎರಡು ದಿನ

ಆ ಎರಡು ದಿನಗಳನ್ನು ಹೊಡೆದುಹಾಕಿದವಳು ನಾನು, ರೆಹಾನಾ. ನಿನ್ನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಆರು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಮನೆಗೆ ಬಂದಿದ್ದೇನೆ, ಹಬ್ಬದ ಊಟ ಉಂಡಿದ್ದೇನೆ — ನಿನ್ನೆ ನಿನ್ನ ತಂಗಿ ಶಾಹೀನ್ ಅಳುತ್ತಾ ಫೋನ್ ಮಾಡದಿದ್ದರೆ ಇನ್ನೂ...

ಕಾಲೇಜಿನಿಂದ ಹಿಮಾಲಯಕ್ಕೆ ಹೊರಟ ಗುಂಪಿಗೆ ಅವಳು ಆಯ್ಕೆಯಾಗಿದ್ದಾಳೆ. ನೀನು ಬೇಡ ಅಂದೆಯಂತೆ. "ನಮ್ಮನೆ ಮಂದಿ ಮೈಗೆ ಎತ್ತರ ಆಗ್ಬರಲ್ಲ ಅಂತಾಳೆ ಆಪಾ. ನೀವಾದ್ರೂ ಹೇಳಿ ಅಕ್ಕಾ." ನಾನು "ನೋಡೋಣ ಕಣಮ್ಮ" ಅಂದು ಫೋನ್ ಇಟ್ಟೆ. ನೋಡೋಣವಂತೆ! ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆರು ವರ್ಷದ ಹಿಂದೆ ನಾವಿಬ್ಬರೂ ಹಿಮಾಲಯಕ್ಕೆ ಹೊರಟಾಗ ನಕ್ಷೆ ನನಗೆ, ಊಟ ನಿನಗೆ ಎಂದು ಕೆಲಸ ಹಂಚಿಕೊಂಡಿದ್ದೆವು. ಭೂಗೋಳದಲ್ಲಿ ಎಂ.ಎ. ಮಾಡಿದವಳಲ್ಲವೇ ನಾನು! ಬೆನ್ನಿಗೆ ಹನ್ನೆರಡು ಕೆಜಿ ರಾಗಿ ಹೊತ್ತು ಸ್ಕಂದಗಿರಿ ಹತ್ತಿ ಇಳಿದು ಅಭ್ಯಾಸ ಮಾಡಿದೆವು. ಒಂದು ಕಣಿವೆ ಹಿಡಿದು ಹತ್ತಿ, ಬೆಟ್ಟಸಾಲಿನ ನೆತ್ತಿಯ ಹಿಮದ ಪಾಸ್ ದಾಟಿ, ಇನ್ನೊಂದು ಕಣಿವೆಯಲ್ಲಿ ಇಳಿದು ಹೊರಟಲ್ಲಿಗೇ ಬಂದು ಸೇರುವ ಸುತ್ತು ಅದು. ನಡುವೆ ಊರಿಲ್ಲ, ಅಂಗಡಿಯಿಲ್ಲ. ಆ ಸುತ್ತು ಮುಗಿಸಿದ್ದ ಹಿರಿಯರೊಬ್ಬರು ನನಗೆ ಬರೆದು ಕಳಿಸಿದ ಪ್ಲಾನಿನಲ್ಲಿ ಒಂಬತ್ತು ದಿನಗಳಿದ್ದವು. ಎರಡನೇ ಬಿಡಾರದಲ್ಲಿ ಒಂದು ದಿನ, ಪಾಸಿನ ಕೆಳಗೆ ಒಂದು ದಿನ ಸುಮ್ಮನೆ ಕೂರಬೇಕು, ಮೈ ಆ ಗಾಳಿಗೆ ಹೊಂದಿಕೊಳ್ಳಬೇಕು, ಇವೆರಡನ್ನು ಮಾತ್ರ ಬಿಡಬೇಡಿ — ಎಂದು ಗೆರೆ ಎಳೆದು ಬರೆದಿದ್ದರು.

ನಮ್ಮ ಮನೆಯ ರೇಷ್ಮೆ ನಿನಗೆ ಗೊತ್ತು. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ತೊಳೆದು, ಔಷಧಿ ಹೊಡೆದು, ಮುಂದಿನ ಮರಿಹುಳು ತರುವವರೆಗೆ ಒಂದಿಷ್ಟು ಬಿಡುವು. ಮದುವೆ, ಯಾತ್ರೆ, ಕಣ್ಣಿನ ಆಪರೇಷನ್ — ಎಲ್ಲವನ್ನೂ ಆ ಬಿಡುವಿಗೇ ಹೊಂದಿಸುತ್ತೇವೆ. ನಾನು ಹಿಮಾಲಯವನ್ನೂ ಹೊಂದಿಸಿದೆ. ರೈಲಿನ ದಿನ ಕಳೆದರೆ ಏಳೇ ಉಳಿಯುತ್ತಿದ್ದವು. ಇನ್ನೆರಡು ದಿನ ಕೇಳಿದ್ದರೆ ಅಮ್ಮ ಕೊಡುತ್ತಿದ್ದಳು. ನಾನು ಕೇಳಲೇ ಇಲ್ಲ, ಸುಮ್ಮನೆ ಕೂರುವ ಆ ಎರಡು ದಿನಗಳನ್ನೇ ಪ್ಲಾನಿನಿಂದ ಹೊಡೆದುಹಾಕಿದೆ. ಬೆಟ್ಟಕ್ಕೂ ಹೋದಳು, ಹುಳುವಿನ ಹೊತ್ತಿಗೂ ಬಂದಳು ಅನ್ನಿಸಿಕೊಳ್ಳುವ ಜಂಬ! ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂತರೆ ಒಂದೆಲೆಯನ್ನೂ ಹಾಕದೆ ದಿನವಿಡೀ ಕಾಯುವವಳು ನಾನು. ನಿನ್ನ ಮೈಗೆ ಆ ಕಾಯುವಿಕೆ ಕೊಡಲಿಲ್ಲ.

"ಮಧ್ಯ ರೆಸ್ಟ್ ಬೇಡ್ವೇನೇ?" ಅಂತ ನೀನು ಕೇಳಿದೆ.

"ರೆಸ್ಟೆಲ್ಲ ಸೇರ್ಸಿ ಅವ್ರೇ ಹಾಕ್ಕೊಟ್ಟಿರೋ ಪ್ಲಾನು ಕಣೇ. ನೀನ್ ಖರ್ಜೂರ ಕಟ್ಕೋ, ಸಾಕು."

ನೀನು ನಕ್ಕು ಏಳು ದಿನದ ಪೊಟ್ಟಣ ಕಟ್ಟಿದೆ.

ನಾಲ್ಕನೇ ದಿನ ಬೆಳಿಗ್ಗೆ, ಪಾಸಿನ ಕೆಳಗೆ, ಒಳ್ಳೆ ಬಿಸಿಲು. ನಿನಗೆ ಶೂ ದಾರ ಕಟ್ಟಲಾಗಲಿಲ್ಲ. ಕೆಮ್ಮಿದೆ, ಕರವಸ್ತ್ರದಲ್ಲಿ ಗುಲಾಬಿ ಬಣ್ಣದ ನೊರೆ. ನಾನು ತೋಳು ಹಿಡಿದರೆ ನನ್ನ ಮುಖ ನೋಡಿ ಮರ್ಯಾದೆಯಿಂದ "ನೀವ್ಯಾರಮ್ಮಾ?" ಅಂದೆ. ಅಂದು, ತೋಳು ಬಿಡಿಸಿಕೊಂಡು ಕೊರಕಲಿನ ಕಡೆಗೆ ಮೂರು ಹೆಜ್ಜೆ... ನಿನ್ನ ಚೀಲದ ಪಟ್ಟಿ ಕೈಗೆ ಸಿಕ್ಕಿತು. ಸಿಗದಿದ್ದರೆ? ಈಗಲೂ ಮೆಟ್ಟಿಲಿಳಿಯುವಾಗ ಬೆರಳು ತಾವಾಗಿ ಮಡಚಿಕೊಳ್ಳುತ್ತವೆ. ಕುರಿ ಕಾಯುವವನೊಬ್ಬ ತನ್ನ ಕುದುರೆಯ ಮೇಲೆ ನಿನ್ನನ್ನು ಕಟ್ಟಿ ಕೆಳಗಿಳಿಸಿದ. ಅದಕ್ಕೇ ನೀನು ಉಳಿದೆ.

ಆಮೇಲೆ ಮಾಡಿದ್ದು ಇನ್ನೂ ಹೊಲಸು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು — ಮೇಲೆ ಹೋಗುವಾಗ ನಡುವೆ ನಿಂತು ವಿಶ್ರಾಂತಿ ತೆಗೆದುಕೊಂಡಿರಾ? ನಾನು "ಎರಡು ದಿನ" ಅಂದೆ. ನಾಲಿಗೆ ತಡವರಿಸಲೂ ಇಲ್ಲ. ಹಾಗಿದ್ದರೆ ಇವರ ಮೈಗೇ ಎತ್ತರ ಆಗಿಬರುವುದಿಲ್ಲ, ಇನ್ನು ಹೋಗಬೇಡಿ, ಅಂದರು. ಆಕ್ಸಿಜನ್ ಮಾಸ್ಕಿನೊಳಗಿಂದ ನೀನು ತಲೆಯಾಡಿಸಿದೆ. ಮಂಪರಿನಲ್ಲಿದ್ದ ನಿನಗೆ ನಾವು ಎಷ್ಟು ದಿನ ಎಲ್ಲಿ ತಂಗಿದ್ದೆವೆಂಬುದೇ ನೆನಪಿರಲಿಲ್ಲ. ನೀನು ನಂಬಿದ್ದು ನನ್ನನ್ನು.

ಊರಿಗೆ ಬಂದ ಮೇಲೆ ನಿಮ್ಮಣ್ಣ ಎಲ್ಲರೆದುರು, "ಹಿಮಾಲಯದೋರು ಬಂದ್ರಪ್ಪಾ! ಮಾಳಿಗೆ ಹತ್ತಿ ಟ್ಯಾಂಕಿಗೆ ನೀರು ಬಂತಾ ನೋಡಮ್ಮ, ಉಸ್ರು ಸಾಲುತ್ತಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ರೆಹಾನಾ. ನೀನು ಅವತ್ತೇ ಚೀಲ, ಶೂ ಯಾರಿಗೋ ಕೊಟ್ಟುಬಿಟ್ಟೆ.

ಒಂದು ಸಲವಾದರೂ ನನ್ನನ್ನು ಅನುಮಾನಿಸಲಿಲ್ಲವಲ್ಲ ಎಂದು ನಿನ್ನ ಮೇಲೂ ಸಿಟ್ಟು ಬರುತ್ತದೆ. ಎಂಥ ನೀಚ ಸಿಟ್ಟು ಅದು! ನನ್ನ ಸುಳ್ಳನ್ನು ನೀನು ನಿನ್ನ ರಕ್ತದ ದೋಷ ಅಂದುಕೊಂಡೆ. ಈಗ ಅದನ್ನೇ ಆ ಹುಡುಗಿಯ ತಲೆಗೂ ಕಟ್ಟುತ್ತಿದ್ದೀಯ.

ಶಾಹೀನ್‌ಳನ್ನು ಬೇರೆ ಡಾಕ್ಟರಿಗೆ ತೋರಿಸು, ಆದದ್ದನ್ನು ಆದಂತೆ ಹೇಳು. ಅವಳ ಕಾಲೇಜಿನವರ ಪ್ಲಾನಿನಲ್ಲಿ ಸುಮ್ಮನೆ ಕೂರುವ ದಿನ ಎಷ್ಟಿವೆ ಎಂದು ನೀನೇ ಎಣಿಸಿ ನೋಡು. ಭಾನುವಾರ ನಿಮ್ಮಣ್ಣ ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಅಂದು ನಕ್ಕವರೆಲ್ಲ ಇರಲಿ. ಒಳಗೆ ಕರೆಯಬೇಡ. ಬಾಗಿಲಲ್ಲೇ ನಿಂತು, ಬೀದಿಗೂ ಕೇಳುವಂತೆ ಇದನ್ನೇ ಹೇಳಿ ಹೋಗುತ್ತೇನೆ.