ಕೋಮಲದ ಗೆರೆ ಕಿತ್ತ ಪದ್ಮಾಬಾಯಿ

ಪದ್ಮಾಬಾಯಿಗೆ ಮರೆವು ಎಂಬುದೇ ಇರಲಿಲ್ಲ. ಒಮ್ಮೆ ಹಳಸಿದ ಬಂಗಡೆ ಕೊಟ್ಟಳೆಂದು ಮೀನಿನವಳೊಬ್ಬಳನ್ನು ಬಿಟ್ಟವರು, ಮುಂದೆ ಆಕೆಯ ಸೊಸೆ ಬುಟ್ಟಿ ಹೊತ್ತು ಬಂದಾಗಲೂ ಅಂಗಳದಿಂದಲೇ ಸಾಗಹಾಕಿದರು. ಅವರು ಕುಮಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಎತ್ತರದ ಆಳು. ನಕ್ಕರೆ ಇಡೀ ಕೇರಿಗೆ ಕೇಳುತ್ತಿತ್ತು. ಸಿಟ್ಟು ಬಂದಾಗ ಮಾತ್ರ ದನಿ ಪೂರಾ ತಗ್ಗಿ, ‘ಆತು’ ಎಂಬ ಒಂದೇ ಮಾತು ಹೊರಬೀಳುತ್ತಿತ್ತು. ಆ ‘ಆತು’ ಕೇಳಿಸಿಕೊಂಡವರು ಆಮೇಲೆ ಹುಷಾರಾಗಿರಬೇಕಿತ್ತು.

ಕುಮಟೆ ಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ ಅಚ್ಚು ಹಾಕಿಕೊಂಡಿದ್ದೆ. ಅರವತ್ತರ ದಶಕದ ನಡುವಿನಲ್ಲಿ ಹೊನ್ನಾವರದಲ್ಲಿ ಹಾಡಿನ ಕ್ಲಾಸು ನಡೆಸುತ್ತಿದ್ದ ರಮಾಕಾಂತ ಮಾಸ್ತರು ಸ್ವರಲಿಪಿಯ ಪುಸ್ತಕವೊಂದನ್ನು ಮಾಡಿಸಬೇಕೆಂದು ಬಂದರು. ತೊಟ್ಟಿಲ ಹಾಡು, ಮದುವೆ ಹಾಡುಗಳ ಪುಸ್ತಕ. ಸ್ವರದ ಗುರುತುಗಳು ಸಾಹಿತ್ಯದ ನಡುವೆಯೇ ಬರಬೇಕು. ನನ್ನಲ್ಲಿ ಅಂಥ ಅಚ್ಚುಮೊಳೆಗಳೇ ಇಲ್ಲವೆಂದೆ. ಜೊತೆಗೆ ಬಂದಿದ್ದ ಪದ್ಮಾಬಾಯಿ, “ಇದ್ದದ್ರಲ್ಲೇ ಮಾಡುವ,” ಎಂದರು.

ಆ ಹಾಡುಗಳನ್ನು ಕಟ್ಟಿದವರು ಪದ್ಮಾಬಾಯಿಯ ತಾಯಿ, ತೀರಿಹೋದ ಸುಭದ್ರಾಬಾಯಿ. ಮಾಸ್ತರು ಹುಡುಗನಾಗಿದ್ದಾಗ ಅವರ ಮನೆಯಲ್ಲೇ ಉಂಡು, ಅವರ ಬಾಯಿಂದಲೇ ಕೇಳಿ ಕಲಿತಿದ್ದರು. ಸ್ವರಲಿಪಿ ಓದಲು, ಬರೆಯಲು ಮಾಸ್ತರಿಗೆ ಬಾರದು. ಮುನ್ನುಡಿಯಲ್ಲಿ ತಾಯಿಯ ಹೆಸರು ಹಾಕುವುದಾಗಿ ಮಾತು ಕೊಟ್ಟಿದ್ದರಿಂದ ಪದ್ಮಾಬಾಯಿ ಎಲ್ಲವನ್ನೂ ಬರೆದುಕೊಟ್ಟಿದ್ದರು.

ಶಾಲೆ ಬಿಟ್ಟೊಡನೆ ಅವರು ಪ್ರೆಸ್ಸಿಗೆ ಬರುತ್ತಿದ್ದರು. ತಾರಸ್ಥಾಯಿಯ ಸ್ವರದ ಮೇಲೊಂದು ಚುಕ್ಕೆ ಬೇಕು. ಅದಕ್ಕೆ ಮೇಲಿನ ಸಾಲಿನಲ್ಲಿ ಪೂರ್ಣವಿರಾಮದ ಮೊಳೆ ಕೂರಿಸಿದೆವು. ಮಂದ್ರಕ್ಕೆ ಚುಕ್ಕೆ ಕೆಳಗೆ. ಅದೇ ಮೊಳೆಯನ್ನು ಕೆಳಸಾಲಿನಲ್ಲಿ ತಲೆಕೆಳಗಾಗಿ ಇಟ್ಟಾಗ ಚುಕ್ಕೆ ಅಕ್ಷರದ ಕಾಲಿಗೆ ಬಂದು ತಾಗಿತು. ಕೋಮಲ ಸ್ವರದ ಅಡಿಗೆ ಗೆರೆ ಬೇಕು; ಗೆರೆ ಹೋದರೆ ಅದೇ ಸ್ವರ ಮೇಲಕ್ಕೇರಿ ಧಾಟಿಯೇ ಬದಲಾಗುತ್ತದೆ. ಹಿತ್ತಾಳೆ ಪಟ್ಟಿಯನ್ನು ಅಕ್ಷರದಗಲಕ್ಕೆ ಕತ್ತರಿಸಿ ಒಂದೊಂದಾಗಿ ಚಿಮಟದಿಂದ ಇಟ್ಟವರು ಪದ್ಮಾಬಾಯಿಯೇ. ಗೆರೆ ಇಡುವಾಗ ಆ ಸ್ವರವನ್ನು ಗುನುಗುತ್ತಿದ್ದರು.

ಕೊನೆಯ ಪ್ರೂಫ್ ನೋಡಲು ಮಾಸ್ತರು ಬಂದರು. ತಮ್ಮ ಫೋಟೊ ನೋಡಿದರು, ಮುನ್ನುಡಿ ಓದಿದರು, ಸ್ವರದ ಪುಟಗಳನ್ನು ಸುಮ್ಮನೆ ಮಗುಚಿ ಸಹಿ ಹಾಕಿದರು.

“ಆಯಿ ಹೆಸ್ರು ಎಲ್ಲಿ, ಮಾಸ್ತರ್ರೆ?” ಎಂದರು ಪದ್ಮಾಬಾಯಿ.

“ಅದೆಲ್ಲ ಎಂತಕ್ಕೆ ಪದ್ಮಾ? ನಿನ್ನ ಆಯಿ ತೊಟ್ಟಿಲು ತೂಗೂಕೆ ಏನೋ ಗುನುಗ್ತಿದ್ರು. ಅದ್ನ ಹಾಡು ಮಾಡಿದ್ದು ನಾನಲ್ದಾ?”

“ಆತು.”

ಮಾಸ್ತರು ಮೆಟ್ಟಿಲಿಳಿದು ಹೋದದ್ದೇ ತಡ, ಪದ್ಮಾಬಾಯಿ ಚಿಮಟ ತಗೊಂಡರು. ಒಂದೊಂದೇ ಹಿತ್ತಾಳೆ ಗೆರೆಯನ್ನು ಕಿತ್ತು, ಆ ಜಾಗಕ್ಕೆ ಖಾಲಿ ಮೊಳೆ ತುರುಕತೊಡಗಿದರು.

“ಅಕ್ಕೋರೆ, ಇದೆಂತ ಮಾಡ್ತ್ರಿ? ಸಹಿ ಆದ ಪುಟ ಇದು. ಪ್ರೆಸ್ಸಿನ ಮರ್ಯಾದೆ ಹೋಗ್ತದೆ.”

“ಹೋಗ್ಲಿ. ಮತ್ತೆ ಗಳಿಸೂಕೆ ನಿಮ್ಗೆ ವಯಸ್ಸುಂಟು. ನನ್ನ ಆಯಿ ಎದ್ದು ಬಂದು ಕೇಳ್ತಾಳಾ?”

ಅಂದು ಸಂಜೆ ಆ ಪುಟಗಳನ್ನು ಬಿಗಿದು ಮಷಿನ್ನಿಗೆ ಏರಿಸಿದವನು ನಾನೇ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಪುಸ್ತಕದ ಬಿಡುಗಡೆ ಹೊನ್ನಾವರದಲ್ಲಿ. ಶಾಲೆಗಳಿಗೆ ಈ ಪುಸ್ತಕ ತೆಗೆದುಕೊಳ್ಳಬೇಕೋ ಬೇಡವೋ ಎಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಶಾಲೆಯ ಹುಡುಗಿಯರು ಲಾಂಚಿನಲ್ಲಿ ಹೊಳೆ ದಾಟಿ ಬಂದರು. ಮುಂಚೆಯೇ ಕಳಿಸಿದ ಪ್ರತಿಯನ್ನು ನೋಡಿ ಅವರ ಟೀಚರು ತೊಟ್ಟಿಲ ಹಾಡು ಕಲಿಸಿದ್ದರು. ಆ ಹಾಡಿನ ಮೂಲ ಧಾಟಿಯನ್ನು ಅವರೆಂದೂ ಕೇಳಿದವರಲ್ಲ.

ಹುಡುಗಿಯರು ಶುರುಮಾಡಿದರು. ಮಗುವನ್ನು ಮಲಗಿಸುವ ಹಾಡು ಕವಾಯತಿನ ಹಾಡಿನಂತೆ ಹೊರಟಿತು. ಸಭೆಯಲ್ಲಿ ನಗು ಎದ್ದಿತು. ಮಾಸ್ತರು ಕುರ್ಚಿಯಿಂದ ಎದ್ದು, “ನಿಲ್ಸಿ! ಇದು ನನ್ನ ಹಾಡೇ ಅಲ್ಲ!” ಎಂದು ಕೂಗಿದರು.

“ಪುಸ್ತಕದಲ್ಲಿ ಇದ್ದ ಹಾಗೇ ಕಲಿಸಿದ್ದೇನೆ,” ಎಂದು ಟೀಚರು ಪುಸ್ತಕ ಮುಂದಕ್ಕೆ ಹಿಡಿದರು. ಸಾಹೇಬರು, “ನೀವೇ ಬರೆದದ್ದಲ್ಲವೇ? ಓದಿ ಹಾಡಿ ತೋರಿಸಿ,” ಎಂದರು. ಮಾಸ್ತರು ಪುಟ ತಿರುವಿದರು, ಕನ್ನಡಕ ಒರೆಸಿದರು, ಮತ್ತೆ ತಿರುವಿದರು. ಎಲ್ಲಿ ಏನು ತಪ್ಪಿದೆಯೆಂದು ಅವರಿಗೆ ತಿಳಿಯಲೇ ಇಲ್ಲ.

ಹೆಂಗಸರ ಸಾಲಿನಿಂದ ಪದ್ಮಾಬಾಯಿ ಎದ್ದು ಬಂದರು. ಅಳುತ್ತಿದ್ದ ಹುಡುಗಿಯರಿಗೆ, “ನಿಮ್ದೆಂತ ತಪ್ಪಿಲ್ಲ,” ಎಂದು ಹೇಳಿ, ಅವರ ಪಕ್ಕದಲ್ಲೇ ನಿಂತು ಹಾಡಿದರು. ಮೇಳವಿಲ್ಲ, ಪುಸ್ತಕವಿಲ್ಲ. ಹಾಡು ಮುಗಿಸಿ ಮಾಸ್ತರ ಕಡೆಗೆ ತಿರುಗಿದರು.

“ನಿಮ್ಮ ಹಾಡಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಯಾರದ್ದು, ಮಾಸ್ತರ್ರೆ?”

ಮಾಸ್ತರು ನೆಲ ನೋಡುತ್ತ ಏನೋ ಗೊಣಗಿದರು.

“ಹಿಂದಿನವ್ರಿಗೆ ಕೇಳ್ಲಿಲ್ಲ. ಮೈಕಿನಲ್ಲಿ ಹೇಳಿ.”

ಮಾಸ್ತರು ಮೈಕಿನ ಮುಂದೆ ಬಂದು ‘ಸುಭದ್ರಾಬಾಯಿ’ ಎಂದರು. ಪದ್ಮಾಬಾಯಿ ಅವರ ಮುಖವನ್ನೇ ನೋಡುತ್ತ ನಿಂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ, “ಸಾಕಾತಾ ಅಕ್ಕೋರೆ?” ಎಂದು ಕೇಳಿದೆ.

“ಇಲ್ಲ,” ಎಂದರು.

ಪುಸ್ತಕವನ್ನು ಯಾವ ಶಾಲೆಯೂ ತೆಗೆದುಕೊಳ್ಳಲಿಲ್ಲ. ಮಾಸ್ತರ ಕ್ಲಾಸಿಗೆ ಬರುವವರು ಕಡಿಮೆಯಾದರು. ಒಂದು ದಿನ ಅವರು ಕ್ಷಮೆ ಕೇಳಲೆಂದು ಕುಮಟೆಗೆ ಬಂದು ಅಂಗಳದಲ್ಲಿ ನಿಂತರಂತೆ. ಪದ್ಮಾಬಾಯಿ ಒಳಗೆ ಶಿಷ್ಯೆಯರಿಂದ ಅದೇ ತೊಟ್ಟಿಲ ಹಾಡನ್ನು ಹೇಳಿಸುತ್ತಿದ್ದರು. ಮಾಸ್ತರು ಅಲ್ಲಿಂದ ಕಾಲು ಕೀಳುವ ತನಕ ಹಾಡು ನಿಲ್ಲಿಸಲು ಬಿಡಲಿಲ್ಲ.

ಗೆರೆಗಳನ್ನು ಮತ್ತೆ ಇಟ್ಟು, ತಾಯಿಯ ಹೆಸರಲ್ಲೇ ಪುಸ್ತಕ ಮಾಡೋಣವೆಂದು ನಾನೇ ಕೇಳಿದೆ.

“ಈಗ ಬೇಡ. ಅಚ್ಚಾದ್ರೆ ಅವ್ನ ಕೈಗೂ ಹೋಗ್ತದೆ. ಅವ ಸತ್ತ ಮೇಲೆ ಮಾಡುವ. ಅಲ್ಲಿ ತನಕ ಗೆರೆ ಎಲ್ಲೆಲ್ಲಿ ಅಂತ ಯಾರಿಗೂ ಹೇಳ್ಬೇಡಿ.”

ಆದರೆ ಮೊದಲು ಹೋದವರು ಪದ್ಮಾಬಾಯಿ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅವರ ದನಿ ಏಳುತ್ತಿರಲಿಲ್ಲ. “ಆ ಮಾಸ್ತರ ಹ್ಯಾಂಗಿದ್ದಾನೆ?” ಎಂದು ಕೇಳಿದರು. ಗಟ್ಟಿಯಾಗಿದ್ದಾರೆ ಎಂದೆ. ಮುಖ ಸಿಂಡರಿಸಿ ಗೋಡೆ ಕಡೆಗೆ ಹೊರಳಿದರು.

ಅವರು ತೀರಿಕೊಂಡ ಮೇಲೆ ಮಾಸ್ತರು ಪ್ರೆಸ್ಸಿಗೆ ಬಂದರು. ಕೈಯಲ್ಲಿ ಅದೇ ಪುಸ್ತಕ.

“ಸುಭದ್ರಾಬಾಯಿ ಹೆಸ್ರು ಮೊದಲ ಪುಟದಲ್ಲೇ ಹಾಕುವ. ಹಾಡೆಲ್ಲ ಈಗ ಪೂರ್ತಿ ನೆನಪಿಲ್ಲ ನಂಗೆ. ಗೆರೆ ಎಲ್ಲೆಲ್ಲಿ ಬರ್ಬೇಕು ಅಂತ ನಿಮ್ಗೆ ಗೊತ್ತಿರ್ಬೇಕಲ್ಲ?”

ಗೊತ್ತಿತ್ತು. ಆ ಸಾಲುಗಳನ್ನು ಕಣ್ಣು ಮುಚ್ಚಿ ಜೋಡಿಸಬಲ್ಲವನಾಗಿದ್ದೆ.

“ಇಲ್ಲ ಮಾಸ್ತರ್ರೆ,” ಎಂದೆ. “ಗೊತ್ತಿದ್ದವ್ರು ಹೋದ್ರು.”