ರಿಜಿಸ್ಟರಿನಲ್ಲಿ ಇಲ್ಲದ ಜುಲೈ ಇಪ್ಪತ್ತು

ತೊಂಬತ್ತರ ದಶಕದ ನಡುವಿನ ಮಾತು. ಬಂಟ್ವಾಳದ ಆಸುಪಾಸಿನ ನಮ್ಮಂಥವರ ಮನೆಗಳಲ್ಲಿ ಆಗ ಮಕ್ಕಳಿಗೆ ಹುಟ್ಟಿದ ದಿನ ಅಂತ ಇರುತ್ತಿರಲಿಲ್ಲ, ಹುಟ್ಟಿದ ತಿಂಗಳು ಇರುತ್ತಿತ್ತು. ಅಜ್ಜಿಯಂದಿರ ಲೆಕ್ಕದಲ್ಲಿ ಒಬ್ಬ ಆಟಿ ತಿಂಗಳವನು, ಇನ್ನೊಬ್ಬಳು ಸೋಣದವಳು, ಮತ್ತೊಬ್ಬ ಬಾವಿ ತೋಡಿಸಿದ ವರ್ಷದವನು. ಕೇಕು, ಮೇಣದಬತ್ತಿಗಳನ್ನೆಲ್ಲ ಗಲ್ಫಿನಲ್ಲಿದ್ದವರ ಮನೆಯ ಆಲ್ಬಮ್ಮಿನಲ್ಲಿ ನೋಡಿ ಗೊತ್ತು, ಅಷ್ಟೆ.

ಆದರೆ ನನಗೆ ಒಂದು ದಿನವಿತ್ತು. ಜುಲೈ ಇಪ್ಪತ್ತು. ಅದನ್ನು ನೆನಪಿಟ್ಟು ಕೊಟ್ಟವರು ಅಪ್ಪ. ಶಾಲೆಯ ಎದುರಿಗೇ ಅವರ ಟೈಲರ್ ಅಂಗಡಿ. ಹೊಲಿದ ಬಟ್ಟೆ ಕಟ್ಟಿಕೊಡಲು ತರಿಸುತ್ತಿದ್ದ ಹಳೇ ಪೇಪರನ್ನು ಒಂದಕ್ಷರ ಬಿಡದೆ ಓದಿ ಮುಗಿಸಿಯೇ ಕಟ್ಟುವ ಮನುಷ್ಯ. ಹಾಗೆ ಓದುವಾಗ ಒಂದು ದಿನ ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿಯ ತುಂಡು ಸಿಕ್ಕಿತು. ವರ್ಷ ಬೇರೆ, ದಿನ ಮಾತ್ರ ನಾನು ಹುಟ್ಟಿದ ದಿನವೇ. ಅಪ್ಪ ಅದನ್ನು ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಚಂದಕ್ಕೆ ಕತ್ತರಿಸಿ ನನಗೆ ತಂದುಕೊಟ್ಟರು. ನಮ್ಮ ದೇಶದ ಗಡಿಯಾರದಲ್ಲಿ ಅದು ಇಪ್ಪತ್ತೊಂದರ ಬೆಳಗ್ಗೆ ಎಂದು ಈಗ ಗೊತ್ತು. ಆಗ ಯಾರಾದರೂ ಹಾಗೆಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ನಾನು ಆರನೇ ಕ್ಲಾಸಿಗೆ ಬಂದ ಜೂನಿನಲ್ಲಿ ಮೂಡುಬಿದಿರೆ ಕಡೆಯಿಂದ ವರ್ಗವಾಗಿ ಒಬ್ಬರು ಹೊಸ ಹೆಡ್ಮಾಸ್ಟರು ಬಂದರು. ಬಿಳಿ ಪಂಚೆ, ಅಳೆದು ತೂಗಿದ ಮಾತು. ದಿನಾ ಪ್ರಾರ್ಥನೆಯ ನಂತರ 'ಈ ದಿನ' ಎಂದು ಓದಿಸಲು ಶುರುಮಾಡಿದರು. ಇಂಥ ತಾರೀಕಿನಂದು ದಂಡಿಯಾತ್ರೆ ಹೊರಟಿತು, ಇಂಥ ತಾರೀಕಿನಂದು ಹಿರೋಶಿಮಾದ ಮೇಲೆ ಬಾಂಬು ಬಿತ್ತು, ಹೀಗೆ. ಓದುವ ಹಕ್ಕು ಆ ದಿನ ಹುಟ್ಟಿದ ಮಗುವಿನದು. ಆ ಮಗು ಯೂನಿಫಾರ್ಮ್ ಬಿಟ್ಟು ಬಣ್ಣದ ಬಟ್ಟೆ ಹಾಕಬಹುದು, ಹೆಡ್ಮಾಸ್ಟರ ಕೈಯಿಂದ ಒಂದು ಪೆನ್ನೂ ಸಿಗುತ್ತದೆ.

ಇದರಲ್ಲೊಂದು ತೊಡಕಿತ್ತು. ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಮೇ ತಿಂಗಳಲ್ಲಿ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಜೂನ್ ಒಂದಕ್ಕೆ ವಯಸ್ಸು ಭರ್ತಿಯಾಗಿರಬೇಕಿತ್ತು. ಅಪ್ಪ ಅಮ್ಮನಿಗೆ ತಾರೀಕು ನೆನಪಿಲ್ಲದಿದ್ದರೆ, ಅಥವಾ ಒಂದೆರಡು ತಿಂಗಳು ಕಡಿಮೆ ಬಿದ್ದರೆ, ಮಾಷ್ಟ್ರು ಮೇ ತಿಂಗಳ ಯಾವುದಾದರೊಂದು ದಿನ ಬರೆದು ಉಪಕಾರ ಮಾಡುತ್ತಿದ್ದರು. ನನ್ನ ಗೆಳತಿ ಮುಮ್ತಾಜಳಿಗೂ ಅವಳ ತಮ್ಮನಿಗೂ ಮೇ ಹದಿನೈದೇ. ದೊಡ್ಡವರಿಗೆಲ್ಲ ಗೊತ್ತಿದ್ದ ಸಂಗತಿ ಇದು, ನಮಗೆ ಯಾರೂ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಹಾಗಾಗಿ ಆ ಬಡಪಾಯಿಗಳಿಗೆ ಓದುವ ಯೋಗವೇ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಮೂರು ವಾರ ತಯಾರಿ ನಡೆಯಿತು. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಹೋಗಿ, ಮೆಷಿನ್ ಎಣ್ಣೆ ಮತ್ತು ಹೊಸ ಬಟ್ಟೆಯ ವಾಸನೆಯ ನಡುವೆ ನಿಂತು, ಚಂದ್ರನ ಬಗ್ಗೆ ಬರೆದುಕೊಂಡದ್ದನ್ನು ಓದುತ್ತಿದ್ದೆ. ಅಪ್ಪ ಪೆಡಲು ತುಳಿಯುತ್ತಲೇ ಕೇಳುವರು. ನಾನು ತಪ್ಪಿದರೆ ಕಾಲು ನಿಲ್ಲುತ್ತಿತ್ತು, ಮೆಷಿನೂ ನಿಲ್ಲುತ್ತಿತ್ತು. ಆಗ ಮೊದಲಿಂದ ಶುರು. ಬಟ್ಟೆ ಕೊಡಲು ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದರು, ಇಪ್ಪತ್ತಕ್ಕೆ ನನ್ನ ಮಗಳ ಭಾಷಣ ಉಂಟು ಎಂದು. ಯಾರದೋ ಮದುವೆಯ ಬಟ್ಟೆಯಲ್ಲಿ ಉಳಿದ ಹಳದಿ ತುಂಡುಗಳನ್ನು ಕೂಡಿಸಿ ನನಗೊಂದು ಫ್ರಾಕು ಹೊಲಿದರು. ಎಲ್ಲಿ ಕೂಡಿಸಿದ್ದೆಂದು ಹುಡುಕಿದರೂ ಸಿಗದ ಹಾಗೆ ಹೊಲಿಗೆ.

ಅಮ್ಮ ಬೀಡಿ ಕಟ್ಟುತ್ತಾ, ಆಟಿಯಂಥ ಅಶುಭದ ತಿಂಗಳಲ್ಲಿ ಇಷ್ಟೆಲ್ಲ ಕುಣಿಯುವುದು ಒಳ್ಳೆಯದಲ್ಲ ಎಂದು ಗೊಣಗುವಳು. ಆದರೂ ಆ ದಿನ ಬೆಳಿಗ್ಗೆ ಕೆಸುವಿನ ಎಲೆ ತಂದು ಪತ್ರೊಡೆ ಬೇಯಿಸಿದಳು. ಬೆಲ್ಲ, ತೆಂಗಿನತುರಿ ಕಲಸಿದ ಬಿಸಿ ಪತ್ರೊಡೆ ತಿಂದು ನಾನು ಹೊರಟೆ. ಫ್ರಾಕಿಗೆ ಕೆಸರು ಸಿಡಿಯಬಾರದೆಂದು ದಾರಿಯುದ್ದಕ್ಕೂ ಮುಮ್ತಾಜ್ ಹಿಂದಿನಿಂದ ಅದರ ಅಂಚು ಎತ್ತಿ ಹಿಡಿದಿದ್ದಳು.

ಮಳೆಗಾಲವಾದ್ದರಿಂದ ಪ್ರಾರ್ಥನೆ ಜಗಲಿಯಲ್ಲಿ. ನೀಲಿ ಬಿಳಿ ಸಾಲುಗಳ ನಡುವೆ ನಾನೊಬ್ಬಳೇ ಹಳದಿ. ಗಿರಾಕಿಯನ್ನು ಅಂಗಡಿಯಲ್ಲೇ ಕೂರಿಸಿ ಅಪ್ಪನೂ ಬಂದು ಮೆಟ್ಟಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಹೆಡ್ಮಾಸ್ಟರು ದೊಡ್ಡ ರಿಜಿಸ್ಟರಿನಿಂದ ಇಳಿಸಿಕೊಂಡ ತಮ್ಮ ಪಟ್ಟಿಯನ್ನು ನೋಡಿ, ಇಂದು ಯಾರ ಜನ್ಮದಿನವೂ ಇಲ್ಲ, ನಾನೇ ಓದುತ್ತೇನೆ ಎಂದರು. ನಾನು ಕಾಗದ ಹಿಡಿದುಕೊಂಡು ಮುಂದೆ ಹೋದೆ. ಇವತ್ತು ನನ್ನದು ಸರ್ ಎಂದೆ. ಅವರು ರಿಜಿಸ್ಟರನ್ನೇ ತರಿಸಿದರು, ಹಾಳೆ ಮಗುಚಿದರು, ನನ್ನ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಅಪ್ಪನನ್ನು ಕರೆದರು.

"ಇವಳು ಇಂದು ಜನ್ಮದಿನ ಎನ್ನುತ್ತಾಳೆ. ಇಲ್ಲಿ ಮೇ ಇಪ್ಪತ್ತು ಎಂದು ಉಂಟು. ಯಾವುದು ಸರಿ?"

ನನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಪಾಪ, ಈ ಹೆಡ್ಮಾಸ್ಟರು ಈಗ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಬೇಕಾಗುತ್ತದಲ್ಲ ಎಂದು ಅವರ ಮೇಲೇ ಮರುಕ ಹುಟ್ಟಿತು. ಅಪ್ಪ ಕೊಡೆ ಮಡಚಿ ಜಗಲಿ ಹತ್ತಿ ರಿಜಿಸ್ಟರನ್ನು ನೋಡಿದರು. ಆ ಸಾಲಿನ ಕೊನೆಯಲ್ಲಿ ಅವರದೇ ಸಹಿ ಇತ್ತು. ನನಗೂ ಕಂಡಿತು.

"ಅದರಲ್ಲಿ ಇರುವುದೇ ಸರಿ ಸರ್," ಎಂದರು ಅಪ್ಪ.

"ಮತ್ತೆ ಇವಳು ಹೇಳುವುದು?"

"ಸಣ್ಣವಳಲ್ವಾ ಸರ್. ಕಲರ್ ಡ್ರೆಸ್ ಹಾಕ್ಲಿಕ್ಕೆ ಆಸೆ. ಸುಮ್ಮನೆ ಹೇಳಿದ್ದಾಳೆ."

ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಆ ಫ್ರಾಕಿಗೆ ಅವರು ಗುಂಡಿ ಹೊಲಿದು ಹನ್ನೆರಡು ತಾಸೂ ಆಗಿರಲಿಲ್ಲ.

ಹೆಡ್ಮಾಸ್ಟರು ಗದರಿಸಲಿಲ್ಲ, ಅದೊಂದು ಮಾತು ಹೇಳಲೇಬೇಕು. ಸುಳ್ಳು ಹೇಳಬಾರದು ಎಂದು ಎಲ್ಲರಿಗೂ ಸೇರಿಸಿ ಒಂದು ಬುದ್ಧಿಮಾತು ಹೇಳಿದರು. ಮೇ ಇಪ್ಪತ್ತೇನೂ ಕಡಿಮೆಯ ದಿನವಲ್ಲ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ದಿನ ಎಂದು ನನ್ನನ್ನು ಸಮಾಧಾನ ಮಾಡಿದರು. ಚಂದ್ರನನ್ನು ಕಸಿದುಕೊಂಡು ಗಾಮನನ್ನು ಕೊಟ್ಟರು! ಬರಹ ಚೆನ್ನಾಗಿದೆ, ವ್ಯರ್ಥವಾಗುವುದು ಬೇಡ ಎಂದು ನನ್ನ ಕಾಗದವನ್ನು ಎದುರು ಸಾಲಿನಲ್ಲಿದ್ದ ಮುಮ್ತಾಜಳ ಕೈಗೆ ಕೊಟ್ಟು ಓದಿಸಿದರು. ಅವಳು ತಡವರಿಸಿ ಓದಿದಳು. ಅಪ್ಪನ ಮೆಷಿನು ನಿಲ್ಲುತ್ತಿದ್ದ ಜಾಗಗಳಲ್ಲೆಲ್ಲ ತಪ್ಪಿದಳು. ಮತ್ತೆ ನೋಡಿದರೆ ಅಪ್ಪ ಅಂಗಡಿಗೆ ಹೋಗಿಯಾಗಿತ್ತು.

ಆ ವರ್ಷವಿಡೀ ಹುಡುಗರು ನನ್ನನ್ನು ಡೂಪ್ಲಿಕೇಟ್ ಎಂದು ಕರೆದರು. ಅದಕ್ಕೆಲ್ಲ ನಾನು ಸೊಪ್ಪು ಹಾಕಲಿಲ್ಲ. ಸಂಜೆ ಮನೆಗೆ ಬಂದ ಅಪ್ಪನಿಂದ ಒಂದೇ ಮಾತು ಬೇಕಿತ್ತು, ತಪ್ಪಾಯಿತು ಅಂತ. ಅಪ್ಪ ಚುರುಮುರಿಯ ಪೊಟ್ಟಣ ನನ್ನ ಮುಂದಿಟ್ಟು ಬೇರೆಯೇ ಲೆಕ್ಕ ಒಪ್ಪಿಸಿದರು. ನಾನು ಒಂದನೇ ಕ್ಲಾಸಿಗೆ ಸೇರುವಾಗ ವಯಸ್ಸು ಕಡಿಮೆ ಬಿದ್ದು ವರ್ಷ ಹಾಳಾಗುತ್ತಿತ್ತಂತೆ, ಆಗಿನ ಮಾಷ್ಟ್ರು ಕೈಯಾರೆ ತಾರೀಕು ಬದಲಿಸಿ ಕೊಟ್ಟರಂತೆ. ಈಗ ನಿಜ ಹೇಳಿದರೆ ಆ ಪುಣ್ಯಾತ್ಮನಿಗೆ ತೊಂದರೆ, ನನ್ನನ್ನೂ ಐದನೇ ಕ್ಲಾಸಿಗೆ ಇಳಿಸಿದರೆ ಏನು ಗತಿ ಎಂದರು.

"ಮೊದಲೇ ನನಗೆ ಹೇಳಬಹುದಿತ್ತಲ್ಲ," ಎಂದೆ.

"ನೆನಪೇ ಬರಲಿಲ್ಲ ಮಗಾ. ರಿಜಿಸ್ಟರ್ ನೋಡಿದ ಮೇಲೆಯೇ ನೆನಪಾದದ್ದು."

ಅದು ನಿಜವೇ ಇರಬೇಕು. ಮರೆತದ್ದನ್ನು ನಾನು ಅಂದೇ ಮನ್ನಿಸಿದ್ದೆ. ಆದರೆ, ನನಗೂ ಗಡಿಬಿಡಿಯಾಗಿದೆ ಸರ್, ಮನೆಯಲ್ಲಿ ಕೇಳಿ ಹೇಳ್ತೇನೆ ಅನ್ನಬಹುದಿತ್ತು. ಸುಳ್ಳಿ ಎನಿಸಿಕೊಳ್ಳಲು ಆ ಜಗಲಿಯಲ್ಲಿ ಅವರಿಗೆ ಸಿಕ್ಕಿದವಳು ನಾನೊಬ್ಬಳೇ. ಚುರುಮುರಿಯನ್ನು ಮುಟ್ಟಲಿಲ್ಲ. ಅದು ಅಲ್ಲೇ ಮೆತ್ತಗಾಯಿತು.

ಮರುವರ್ಷ ಅದೇ ದಿನ ಅಪ್ಪ ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದರು. ಕೈಯಲ್ಲಿ ಒಂದು ಆಕಾಶಬಣ್ಣದ ಲಂಗ. ಈ ಸಲ ತುಂಡು ಕೂಡಿಸಿದ್ದಲ್ಲ, ಅಂಗಡಿಯಿಂದ ಕೊಂಡ ಹೊಸ ಬಟ್ಟೆ. ಅಮ್ಮ ಒಲೆಯ ಮೇಲೆ ಪಾಯಸಕ್ಕಿಟ್ಟಿದ್ದಳು. ಅಪ್ಪ ಲಂಗವನ್ನು ನನ್ನ ಮುಂದೆ ಹಿಡಿದರು. ಒಂದು ಮಾತನ್ನು ನಾನು ವರ್ಷದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದಿದ್ದೆ.

"ಇವತ್ತು ಯಾರ ಬರ್ತ್‌ಡೇ ಅಪ್ಪಾ? ನನ್ನದು ಮೇ ತಿಂಗಳಲ್ಲೇ ಕಳೆಯಿತಲ್ಲ."

ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. ಅಪ್ಪ ಲಂಗವನ್ನು ಗಿರಾಕಿಯದ್ದನ್ನು ಮಡಚುವಂತೆ ಅಂಚಿಗೆ ಅಂಚು ಸೇರಿಸಿ ಮಡಚಿ, ಕಪಾಟಿನಲ್ಲಿಟ್ಟು, ಮತ್ತೆ ಅಂಗಡಿಗೆ ಹೋದರು. ನನಗೆ ಗೆದ್ದ ಹಾಗಾಯಿತು. ಆ ಗೆಲುವು ಎರಡು ದಿನ ಇತ್ತು.

ಆಮೇಲೆ ನಮ್ಮ ಮನೆಯಲ್ಲಿ ಜುಲೈ ಇಪ್ಪತ್ತು ಬರಲೇ ಇಲ್ಲ. ಹತ್ತೊಂಬತ್ತಾದ ಮೇಲೆ ಇಪ್ಪತ್ತೊಂದು. ನಾನು ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದಾಗ ಅಪ್ಪ ಎಲ್ಲದಕ್ಕೂ ಫೋನು ಮಾಡುವರು, ಪರೀಕ್ಷೆಗೆ, ಜ್ವರಕ್ಕೆ, ಬಸ್ಸು ಮುಷ್ಕರಕ್ಕೆ. ಆ ಒಂದು ದಿನ ಮಾತ್ರ ಮಾಡುತ್ತಿರಲಿಲ್ಲ. ನಾನಾದರೂ ಮಾಡಬಹುದಿತ್ತು. ಸೆಟೆದುಕೊಂಡೇ ಇದ್ದೆ.

ಈಗ ಪಾಸ್‌ಪೋರ್ಟು, ಮದುವೆಯ ಕಾಗದ, ಆಫೀಸಿನ ಪಟ್ಟಿ ಎಲ್ಲದರಲ್ಲೂ ನಾನು ಮೇ ಇಪ್ಪತ್ತರವಳು. ಅವತ್ತು ಬ್ಯಾಂಕಿನಿಂದಲೂ ಶುಭಾಶಯ ಬರುತ್ತದೆ, ಗಂಡ ಮಕ್ಕಳು ಕೇಕು ತರುತ್ತಾರೆ, ನಾನು ನಗುತ್ತಾ ಕತ್ತರಿಸುತ್ತೇನೆ. ಅವರಿಗೂ ನಿಜ ಹೇಳಿಲ್ಲ, ಅಪ್ಪನ ಕೆಲಸವನ್ನು ನಾನೇ ಮುಂದುವರಿಸಿದ್ದೇನೆ. ಎಲ್ಲರೆದುರು ನನ್ನನ್ನು ಸುಳ್ಳಿ ಮಾಡಿದ್ದನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ, ಹಾಗೆಂದು ಬರೆಯಲು ನನಗೆ ನಾಚಿಕೆಯೂ ಇಲ್ಲ. ಆದರೆ ನಾನು ನಿಜವಾಗಿ ಯಾವಾಗ ಹುಟ್ಟಿದೆನೆಂದು ನೆನಪಿಟ್ಟು ಖುಷಿಪಟ್ಟ ಮನುಷ್ಯ ಅವರೊಬ್ಬರೇ, ಅವರ ಬಾಯಿ ಮುಚ್ಚಿಸಿದವಳು ನಾನು. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಕಳೆದ ಜುಲೈ ಇಪ್ಪತ್ತರಂದು ಮಧ್ಯಾಹ್ನದವರೆಗೆ, ಅದು ಯಾವ ದಿನವೆಂದು ನನಗೇ ನೆನಪಾಗಲಿಲ್ಲ.