ಹದಿನೈದು ದಿನದ ಕ್ರಾಪು

ಊರೂರಿಗೆ ಹೋಗಿ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವ ಕೆಲಸ ಆಗ ನನ್ನದು. ಕೊಡಿಗೇನಹಳ್ಳಿಯಲ್ಲಿ ನಾನು ಬೀದಿಗೆ ಕಾಲಿಟ್ಟರೆ ಹೆಂಗಸರು ಮಕ್ಕಳನ್ನು ಒಳಗೆಳೆದುಕೊಂಡು ಅಗುಳಿ ಹಾಕುತ್ತಿದ್ದರು. ಅವರಿಗೆ ಸಿಡುಬಿಗಿಂತ ನನ್ನನ್ನು ಕಂಡರೇ ಹೆಚ್ಚು ಭಯ. ಎಷ್ಟೋ ದಿನ ನನ್ನ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

ಹತ್ತಿರ ಬರುತ್ತಿದ್ದವನು ಕ್ಷೌರದ ಹನುಮಯ್ಯ ಒಬ್ಬನೇ. ಊರಿನವರೆಲ್ಲ ಜುಟ್ಟು ಬಿಟ್ಟವರು. ಹಿಂದೂಪುರದಲ್ಲಿ ಅವನು ಕಲಿತು ಬಂದ ಮಿಷಿನ್ ಕ್ರಾಪಿಗೆ ಸಿಕ್ಕಿದ್ದು ನನ್ನ ತಲೆ ಮಾತ್ರ. ಕಿವಿಯ ಪಕ್ಕ ನುಣ್ಣಗೆ, ಮೇಲೇರಿದಂತೆ ಸ್ವಲ್ಪ ಸ್ವಲ್ಪವೇ ದಪ್ಪ.

"ಹದಿನೈದು ದಿನಕ್ಕೊಂದ್ಸಲ ಬರ್ಬೇಕು ಸ್ವಾಮಿ. ಬುಟ್ರೆ ಕಿವಿ ಮೇಲೆ ಪೊರಕೆ ಎದ್ದಂಗಾಯ್ತದೆ" ಅಂದ.

ನಾನು ಆರನೆಯ ದಿನವೇ ಹೋಗಿ ಕೂತೆ.

ಅವನು ಸುತ್ತ ನೋಡಿ, "ಏನೂ ಬೆಳ್ದಿಲ್ವಲ್ಲ ಸ್ವಾಮಿ" ಅಂದ.

"ಕತ್ತಿನ ಹತ್ತಿರ ನೋಡು, ಇರಬಹುದು" ಅಂದೆ. ನನಗೇ ನಾಚಿಕೆಯಾಯಿತು.

ಅವನು ನನಗೆ ಬಟ್ಟೆ ಹೊದಿಸಿದ. ಒಂದು ಕೈಯಲ್ಲಿ ತಲೆ ಹಿಡಿದು, ಕಿವಿಯ ಹತ್ತಿರ ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತ, ಮಗಳ ಬಾಣಂತನ, ಅಣ್ಣತಮ್ಮಂದಿರ ಜಗಳ ಎಲ್ಲ ಹೇಳಿದ. ಒಂದು ಕೂದಲೂ ಬೀಳಲಿಲ್ಲ. ಆದರೂ ಕೊನೆಗೆ ಬಟ್ಟೆಯನ್ನು ಎರಡು ಸಲ ಕೊಡವಿದ.

ಆಮೇಲೆ ಅಂಗಿಯ ತೋಳು ಮೇಲೇರಿಸಿ ತನ್ನ ದಾಕಿನ ಕಲೆ ತೋರಿಸಿದ. "ಈ ಗಾಯ ಮಾದೈತಾ ನೋಡಿ ಸ್ವಾಮಿ."

ಅವನು ಚಿಕ್ಕವನಿದ್ದಾಗ ಯಾರೋ ಹಾಕಿದ್ದು ಅದು. ನಾನು ಬೆರಳಿಟ್ಟು ಒತ್ತಿ, ತುಂಬ ಹೊತ್ತು ಪರೀಕ್ಷೆ ಮಾಡಿ, ಇನ್ನೊಂದು ವಾರ ಬಿಟ್ಟು ಮತ್ತೆ ನೋಡಬೇಕಾಗುತ್ತದೆ ಅಂದೆ.